'ಮೇ': ಹೊಸ್ತಿಲಲ್ಲಿ ನಿಂತ ಪದ



ನಾಡಿನ ಯಾವುದೇ ಊರಿನ ಶಾಲೆಯ ಜಗಲಿಯಲ್ಲಿ ಬೆಳಗ್ಗೆ ಹತ್ತು ನಿಮಿಷ ನಿಂತರೆ ಒಂದು ಇಂಗ್ಲಿಷ್ ವಾಕ್ಯ ಕಿವಿಗೆ ಬೀಳದೆ ಇರದು. ತಡವಾಗಿ ಬಂದ ಹುಡುಗ ಹೊಸ್ತಿಲ ಈಚೆ ನಿಂತು ಬಲಗೈಯನ್ನು ಅರ್ಧಕ್ಕೆ ಚಾಚಿ ಒಂದೇ ಉಸಿರಿಗೆ ಕೇಳುತ್ತಾನೆ: 'ಮೇ ಐ ಕಮಿನ್ ಸಾರ್?' ಇಂಗ್ಲಿಷ್ ಅಕ್ಷರಮಾಲೆ ಇನ್ನೂ ಬಾಯಿಗೆ ಹತ್ತದ ಮಗುವಿಗೂ ಈ ವಾಕ್ಯ ಗೊತ್ತು. ಅದರಲ್ಲಿ ಐದು ಪದಗಳಿವೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಮಗುವಿಗೆ ಅದು ಇಡಿಯಾಗಿ ಒಂದೇ ಮಂತ್ರ. ಹೇಳಿದರೆ ಬಾಗಿಲು ತೆರೆಯುತ್ತದೆ, ಹೇಳದಿದ್ದರೆ ಹೊರಗೇ ನಿಲ್ಲಬೇಕು.

ಆ ಮಂತ್ರದ ಮೊದಲ ಪದ 'ಮೇ'. ಇಂಗ್ಲಿಷಿನ ಅತ್ಯಂತ ಸಣ್ಣ ಪದಗಳಲ್ಲಿ ಇದೂ ಒಂದು. ಹಾಗೆಂದು ಇದು ಸುಲಭದ ಪದವೇನಲ್ಲ. 1963ರಲ್ಲಿ ಭಾರತದ ಸಂಸತ್ತಿನಲ್ಲಿ ಇದೇ ಪದದ ಅರ್ಥದ ಮೇಲೆ ಬಿಸಿಬಿಸಿ ವಾದ ನಡೆಯಿತು. ಆ ವಾದ ಅಲ್ಲಿಗೇ ಮುಗಿಯಲೂ ಇಲ್ಲ. ಒಂದು ಪದವನ್ನು ಸರಿಯಾಗಿ ಅರಿಯುವುದಕ್ಕೂ ಜನರ ಬದುಕಿಗೂ ಏನು ಸಂಬಂಧ ಎಂದು ಕೇಳುವವರಿಗೆ 'ಮೇ' ಪದದ ಕಥೆಯೇ ಉತ್ತರ.

ಮೊದಲು ಪದದ ಹುಟ್ಟನ್ನು ನೋಡೋಣ. ವರ್ಷದ ಐದನೆಯ ತಿಂಗಳು 'ಮೇ'ಗೂ ಈ ಪದಕ್ಕೂ ನಂಟಿಲ್ಲ. ತಿಂಗಳ ಹೆಸರು ಲ್ಯಾಟಿನ್ ಭಾಷೆಯಿಂದ ಬಂದದ್ದು. ಕ್ರಿಯಾಪದವಾದ 'ಮೇ' ಇಂಗ್ಲಿಷಿನ ಮನೆಯ ಮಗು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ರೂಪ 'ಮಗನ್' ಎಂದಿತ್ತು. ಕನ್ನಡದ ಮಗನಿಗೂ ಇದಕ್ಕೂ ಸಂಬಂಧವಿಲ್ಲ. ಆ ಪದದ ಅರ್ಥ 'ಶಕ್ತನಾಗಿರು, ಬಲವುಳ್ಳವನಾಗಿರು' ಎಂದು. ಶಕ್ತಿ ಎಂಬ ಅರ್ಥದ ಇಂಗ್ಲಿಷ್ ನಾಮಪದ 'ಮೈಟ್', ಅದೇ ಅರ್ಥದ ಜರ್ಮನ್ ಪದ 'ಮಾಖ್ಟ್' ಎರಡೂ ಇದೇ ಕುಟುಂಬಕ್ಕೆ ಸೇರಿದವು. ಅಂದರೆ ಇಂದು ವಿನಯದ ಗುರುತಾಗಿರುವ 'ಮೇ' ಹುಟ್ಟಿದ್ದು ತೋಳ್ಬಲದಿಂದ. 'ಅವನು ಮಾಡಲು ಶಕ್ತ' ಎಂಬ ಅರ್ಥ ಕಾಲಕ್ರಮದಲ್ಲಿ 'ಅವನು ಮಾಡಿದರೂ ಮಾಡಿಯಾನು' ಎಂದಾಯಿತು. ಮುಂದೆ ಅದೇ 'ಅವನು ಮಾಡಲು ಅಡ್ಡಿಯಿಲ್ಲ' ಎಂದೂ ಆಯಿತು. ಶಕ್ತಿಯಿಂದ ಸಂಭವ, ಸಂಭವದಿಂದ ಅನುಮತಿ: ಪದ ಸಾಗಿ ಬಂದ ದಾರಿ ಇದು.

'ಮೇ' ಬಿಟ್ಟುಹೋದ ಜಾಗವನ್ನು 'ಕ್ಯಾನ್' ತುಂಬಿತು. ಇಂದು 'ಮಾಡಬಲ್ಲ' ಎನ್ನಲು ಇಂಗ್ಲಿಷಿನವರು ಬಳಸುವುದು 'ಕ್ಯಾನ್' ಪದವನ್ನೇ. ಇದರ ಮೂಲಾರ್ಥ 'ತಿಳಿ, ಅರಿ' ಎಂದು. ಇಲ್ಲಿ ಕನ್ನಡಿಗರಿಗೆ ಒಂದು ಸ್ವಾರಸ್ಯವಿದೆ. ಕನ್ನಡದ 'ಬಲ್ಲ' ಕೂಡ ಹೀಗೆಯೇ ಎರಡು ಕೆಲಸ ಮಾಡುತ್ತದೆ. 'ಅವನು ಶಾಸ್ತ್ರ ಬಲ್ಲ' ಎಂದರೆ ತಿಳಿದವನು. 'ಅವನು ಈಜಬಲ್ಲ' ಎಂದರೆ ಈಜಲು ಶಕ್ತ. ತಿಳಿದವನೇ ಮಾಡಬಲ್ಲವನು ಎಂಬ ಅನುಭವ ಎರಡು ದೂರದ ಭಾಷೆಗಳಲ್ಲಿ ಬೇರೆಬೇರೆಯಾಗಿಯೇ ಮೂಡಿದೆ.

ಹಾಗಾದರೆ 'ಮೇ'ಗೆ ಕನ್ನಡದಲ್ಲಿ ಏನು? ಪಠ್ಯಪುಸ್ತಕ ಕೊಡುವ ಉತ್ತರ 'ಬಹುದು'. ಇದು ಬಲದಿಂದ ಹುಟ್ಟಿದ ಪದವಲ್ಲ. 'ಬರು' ಧಾತುವಿನಿಂದ ಬಂದದ್ದು. ನಡುಗನ್ನಡದಲ್ಲಿ 'ಬಹನು' ಎಂದರೆ 'ಬರುವನು'. ಹಾಗೆಯೇ 'ಬಹುದು' ಎಂದರೆ 'ಬರುವುದು'. ಅದರ ನಿಷೇಧರೂಪ 'ಬಾರದು'. 'ಹೋಗಬಹುದು', 'ಹೋಗಬಾರದು' ಎಂದು ದಿನವೂ ಆಡುವಾಗ ಅದರೊಳಗೆ 'ಬರುವುದು, ಬರದು' ಎಂಬ ಹಳೆಯ ಮಾತು ಅಡಗಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

'ಬಹುದು' ಮತ್ತು 'ಮೇ' ಎರಡರಲ್ಲೂ ಒಂದೇ ಬಗೆಯ ಇಬ್ಬಂದಿ ಇದೆ. 'ನೀನು ನಾಳೆ ಹೋಗಬಹುದು' ಎಂದು ಕಚೇರಿಯ ಮೇಲಧಿಕಾರಿ ಹೇಳಿದರೆ ಅದು ರಜೆಯ ಮಂಜೂರಾತಿ. 'ಅವನು ನಾಳೆ ಹೋಗಬಹುದು' ಎಂದು ಪಕ್ಕದ ಮನೆಯವರು ಹೇಳಿದರೆ ಅದು ಊಹೆ. ವಾಕ್ಯದ ರಚನೆ ಒಂದೇ, ಪದವೂ ಒಂದೇ. ಅರ್ಥವನ್ನು ನಿರ್ಧರಿಸುವುದು ಆಡಿದವರು ಯಾರು, ಅವರ ಕೈಯಲ್ಲಿ ಏನಿದೆ ಎಂಬುದು. ಅಧಿಕಾರ ಇರುವವನ 'ಮೇ' ಅನುಮತಿ. ಅಧಿಕಾರ ಇಲ್ಲದವನ 'ಮೇ' ಬರೀ ಅಂದಾಜು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಊಹೆಯ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಸಿರಿವಂತ. ಸಂಭಾವನೆಗೆಂದೇ ಕನ್ನಡದಲ್ಲಿ ಬೇರೆ ಕ್ರಿಯಾರೂಪವಿದೆ: ಬಂದಾನು, ಬಂದಾಳು, ಬಂದೀತು. ಓಡುವ ಮಗುವಿಗೆ ತಾಯಿ 'ಬಿದ್ದೀಯ, ಜೋಕೆ!' ಎನ್ನುತ್ತಾಳೆ. ಆ ಮಾತನ್ನು ಯಾವ ಮಗುವೂ ಬೀಳಲು ಕೊಟ್ಟ ಅನುಮತಿ ಎಂದು ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನೇ 'ಯೂ ಮೇ ಫಾಲ್' ಎನ್ನಬೇಕು. ಅನುಮತಿಗೂ ಸಂಭವಕ್ಕೂ ಅಲ್ಲಿ ಒಂದೇ ಪದ.

ನಿಷೇಧಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. 'ಹಿ ಮೇ ನಾಟ್ ಕಮ್' ಎಂದರೆ ಸಾಮಾನ್ಯವಾಗಿ 'ಅವನು ಬರಲಿಕ್ಕಿಲ್ಲ' ಎಂದರ್ಥ. 'ಯೂ ಮೇ ನಾಟ್ ಗೋ' ಎಂದು ಶಿಕ್ಷಕರು ಹೇಳಿದರೆ 'ನೀನು ಹೋಗಕೂಡದು' ಎಂದರ್ಥ. ಒಂದು ಕಡೆ ಘಟನೆ ನಡೆಯದೇ ಇರುವ ಸಾಧ್ಯತೆ, ಇನ್ನೊಂದು ಕಡೆ ಅನುಮತಿಯ ನಿರಾಕರಣೆ. ಕನ್ನಡದಲ್ಲಿ 'ಬರಲಿಕ್ಕಿಲ್ಲ' ಬೇರೆ, 'ಬರಬಾರದು' ಬೇರೆ. ಕಿವಿಗೆ ಬಿದ್ದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ.

'ಮೇ' ಪದದ ಮೂರನೆಯ ಕೆಲಸ ಹಾರೈಕೆ. 'ಮೇ ಯೂ ಲಿವ್ ಲಾಂಗ್' ಎಂದರೆ 'ನೂರು ಕಾಲ ಬಾಳು'. ಇಲ್ಲಿ 'ಮೇ' ವಾಕ್ಯದ ಮೊದಲಿಗೆ ಬರುತ್ತದೆ, ಆದರೆ ಅದು ಪ್ರಶ್ನೆಯಲ್ಲ. ಕನ್ನಡದಲ್ಲಿ ಈ ಕೆಲಸವನ್ನು 'ಅಲಿ' ಪ್ರತ್ಯಯ ಮಾಡುತ್ತದೆ: ಒಳ್ಳೆಯದಾಗಲಿ, ಮಳೆ ಬರಲಿ, ಬೆಳೆ ಬೆಳೆಯಲಿ. ನಾಲ್ಕನೆಯ ಕೆಲಸ ಒಪ್ಪಿಕೊಂಡು ವಾದಿಸುವುದು. 'ಹಿ ಮೇ ಬಿ ಪೂರ್, ಬಟ್ ಹಿ ಈಸ್ ಆನೆಸ್ಟ್'. ಅಂದರೆ ಅವನು ಬಡವನಿರಬಹುದು, ಆದರೆ ಪ್ರಾಮಾಣಿಕ. ಇಲ್ಲಿ ಬಡತನದ ಬಗ್ಗೆ ಅನುಮಾನವಿಲ್ಲ. 'ಅದನ್ನು ಒಪ್ಪಿದೆ, ಈಗ ಇದನ್ನು ಕೇಳು' ಎನ್ನುವ ಧಾಟಿ ಅದು.

ವ್ಯಾಕರಣದ ನಿಯಮಗಳು ಸರಳ. 'ಮೇ' ಸಹಾಯಕ ಕ್ರಿಯಾಪದ. ಕರ್ತೃ ಯಾರೇ ಆಗಲಿ ರೂಪ ಬದಲಾಗುವುದಿಲ್ಲ. ಕೊನೆಗೆ 'ಎಸ್' ಸೇರುವುದಿಲ್ಲ. ಅದರ ಮುಂದೆ ಮುಖ್ಯ ಕ್ರಿಯಾಪದದ ಮೂಲರೂಪವೇ ಬರಬೇಕು, ನಡುವೆ 'ಟು' ಸಲ್ಲದು. 'ಹಿ ಮೇ ಗೋ' ಸರಿ, 'ಹಿ ಮೇ ಟು ಗೋ' ತಪ್ಪು. ಪ್ರಶ್ನೆ ಕೇಳುವಾಗ ಕರ್ತೃವಿಗಿಂತ ಮೊದಲು ಬರುತ್ತದೆ. ಬಿಡಿಸಿ ಬರೆದ 'ಮೇ ಬಿ' ಎಂದರೆ 'ಇರಬಹುದು'; ಕೂಡಿಸಿ ಬರೆದ 'ಮೇಬಿ' ಎಂದರೆ 'ಬಹುಶಃ'. ಪರೀಕ್ಷೆಗಳಲ್ಲಿ ಬಹಳ ಮಂದಿ ಅಂಕ ಕಳೆದುಕೊಳ್ಳುವ ಜಾಗ ಇದು.

ಇದರ ಭೂತಕಾಲದ ರೂಪ 'ಮೈಟ್'. ಈಗ ಅದನ್ನು ಹೆಚ್ಚಾಗಿ ಬಳಸುವುದು ಇನ್ನಷ್ಟು ಕ್ಷೀಣವಾದ ಸಾಧ್ಯತೆಯನ್ನು ಹೇಳಲು. ಆದರೂ ಒಂದು ಕಡೆ ಈ ಎರಡರ ವ್ಯತ್ಯಾಸ ಜೀವ-ಸಾವಿನಷ್ಟು ದೊಡ್ಡದು. ಹುಡುಗನೊಬ್ಬ ಹೊಳೆಗೆ ಬಿದ್ದ ಸುದ್ದಿಯಲ್ಲಿ 'ಮೇ ಹ್ಯಾವ್ ಡ್ರೌನ್ಡ್' ಎಂದು ಬರೆದರೆ ಅವನು ಮುಳುಗಿರಬಹುದು, ಇನ್ನೂ ಗೊತ್ತಾಗಿಲ್ಲ ಎಂದರ್ಥ. 'ಮೈಟ್ ಹ್ಯಾವ್ ಡ್ರೌನ್ಡ್' ಎಂದರೆ ಮುಳುಗಿಹೋಗುತ್ತಿದ್ದನೇನೋ, ಸದ್ಯ ಬದುಕಿದ ಎಂದೂ ಆದೀತು. ಇಂಗ್ಲಿಷ್ ಆಡುವವರೇ ಈಗೀಗ ಈ ಗೆರೆಯನ್ನು ಅಳಿಸುತ್ತಿದ್ದಾರೆ. ಆದರೂ ಬರೆಯುವವರು ಗೆರೆ ಎಲ್ಲಿದೆ ಎಂದು ತಿಳಿದಿರುವುದು ಒಳ್ಳೆಯದು.

ಇಷ್ಟು ವ್ಯಾಕರಣ. ಈಗ ಶಾಲೆಯ ಬಾಗಿಲಿನಿಂದ ಸರ್ಕಾರದ ಕಡತಕ್ಕೆ ಬರೋಣ. ಕೆಳಗಿನ ಗುಮಾಸ್ತ ಮೇಲಿನ ಅಧಿಕಾರಿಗೆ ಕಡತ ಕಳುಹಿಸುವಾಗ 'ಮೇ ಕೈಂಡ್ಲಿ ಬಿ ಅಪ್ರೂವ್ಡ್' ಎಂದು ಬರೆಯುತ್ತಾನೆ. ಕನ್ನಡದ ಕಡತದಲ್ಲಿ ಅದು 'ಅನುಮೋದಿಸಬಹುದಾಗಿದೆ' ಎಂದಾಗುತ್ತದೆ. ಸಲಹೆ ಗುಮಾಸ್ತನದು, ನಿರ್ಧಾರ ಅಧಿಕಾರಿಯದು ಎಂಬುದನ್ನು ಆ 'ಮೇ' ಸಾರಿ ಹೇಳುತ್ತದೆ.

ಕಾನೂನಿನ ಪುಸ್ತಕದಲ್ಲಿ 'ಮೇ'ಗೆ ಒಬ್ಬ ಜೊತೆಗಾರನಿದ್ದಾನೆ. ಅವನ ಹೆಸರು 'ಶಲ್'. ಕರ್ನಾಟಕದ ಕಾಯ್ದೆಗಳ ಕನ್ನಡ ಪಾಠದಲ್ಲಿ 'ಶಲ್' ಎನ್ನುವಲ್ಲಿ 'ತಕ್ಕದ್ದು' ಎಂದೂ 'ಮೇ' ಎನ್ನುವಲ್ಲಿ 'ಬಹುದು' ಎಂದೂ ಬರೆಯುತ್ತಾರೆ. 'ಅಧಿಕಾರಿಯು ಪರವಾನಗಿ ನೀಡತಕ್ಕದ್ದು' ಎಂದರೆ ಕೊಡಲೇಬೇಕು. 'ನೀಡಬಹುದು' ಎಂದರೆ ಕೊಡುವುದು ಬಿಡುವುದು ಅವರ ವಿವೇಚನೆಗೆ ಬಿಟ್ಟದ್ದು. ಅರ್ಜಿ ಹಿಡಿದು ನಿಂತವನ ಪಾಲಿಗೆ ಈ ಎರಡರ ನಡುವೆ ಭೂಮಿ ಆಕಾಶದಷ್ಟು ಅಂತರ.

ಈ ಅಂತರವೇ 1963ರಲ್ಲಿ ಸಂಸತ್ತಿನ ಎದುರು ಬಂದದ್ದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 343ನೆಯ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎಂದು ಸಾರಿತು. ಜೊತೆಗೆ, ಮೊದಲ 15 ವರ್ಷ ಇಂಗ್ಲಿಷ್ ಬಳಕೆ ಮುಂದುವರಿಯತಕ್ಕದ್ದು ಎಂದಿತು. ಅಲ್ಲಿ 'ಶಲ್' ಇತ್ತು. ಆ ಬಳಿಕ ಬೇಕೆಂದರೆ ಸಂಸತ್ತು ಕಾನೂನು ಮಾಡಿ ಇಂಗ್ಲಿಷನ್ನು ಮುಂದುವರಿಸಬಹುದು ಎಂದಿತು. ಅಲ್ಲಿ 'ಮೇ' ಬಂತು. 15 ವರ್ಷದ ಗಡುವು 1965ರ ಜನವರಿ 26ಕ್ಕೆ ಮುಗಿಯಬೇಕಿತ್ತು. ಹಿಂದಿಯೇತರ ಜನರು ಬಯಸುವವರೆಗೂ ಇಂಗ್ಲಿಷ್ ಉಳಿಯುತ್ತದೆ ಎಂದು ಪ್ರಧಾನಿ ಜವಾಹರಲಾಲ್ ನೆಹರೂ 1959ರಲ್ಲಿ ಲೋಕಸಭೆಯಲ್ಲಿ ಭರವಸೆ ಕೊಟ್ಟಿದ್ದರು. ಆ ಭರವಸೆಯನ್ನು ಕಾನೂನಾಗಿ ಮಾಡಲು 1963ರಲ್ಲಿ ಆಡಳಿತ ಭಾಷಾ ಮಸೂದೆ ಬಂತು. ಅದರ 3ನೆಯ ಕಲಮಿನಲ್ಲಿ, ಹಿಂದಿಯ ಜೊತೆಗೆ ಇಂಗ್ಲಿಷನ್ನು ಬಳಸುವುದು ಮುಂದುವರಿಯಬಹುದು ಎಂದಿತ್ತು. ಅಲ್ಲಿದ್ದ ಪದ 'ಶಲ್' ಅಲ್ಲ, 'ಮೇ'.

ರಾಜ್ಯಸಭೆಯಲ್ಲಿದ್ದ ಸಿ.ಎನ್. ಅಣ್ಣಾದುರೈ ಮತ್ತು ಅವರ ದ್ರಾವಿಡ ಮುನ್ನೇತ್ರ ಕಳಗಂ ಪಕ್ಷ ಈ ಪದವನ್ನು ಹಿಡಿದುಕೊಂಡಿತು. ಇಂದಿನ 'ಬಹುದು' ನಾಳೆ ಬರುವ ಸರ್ಕಾರದ ಬಾಯಲ್ಲಿ 'ಬಳಸದೆಯೂ ಇರಬಹುದು' ಎಂದಾದರೆ ಏನು ಗತಿ ಎಂಬುದು ಅವರ ಪ್ರಶ್ನೆ. 'ಮೇ' ಎಂದಿರುವುದರಿಂದ ಭರವಸೆಗೆ ಕುಂದೇನೂ ಇಲ್ಲ, ಇಲ್ಲಿ ಅದಕ್ಕೆ 'ಶಲ್'ನಷ್ಟೇ ಬೆಲೆ ಎಂಬುದು ನೆಹರೂ ಅವರ ನಿಲುವು. ಎರಡೂ ಒಂದೇ ಎನ್ನುವುದಾದರೆ 'ಶಲ್' ಎಂದೇ ಬರೆಯಬಾರದೇಕೆ ಎಂಬುದು ಮರುಪ್ರಶ್ನೆ. ಕೊನೆಗೆ ಮಸೂದೆ 'ಮೇ' ಪದವನ್ನು ಉಳಿಸಿಕೊಂಡೇ ಅಂಗೀಕಾರವಾಯಿತು.

ಇಬ್ಬರ ಮಾತಿನಲ್ಲೂ ಹುರುಳಿತ್ತು ಎನ್ನಬೇಕು. ನೆಹರೂ ಪದದ ಹಿಂದೆ ತಮ್ಮ ಮನಸ್ಸನ್ನು ಇಟ್ಟು ಓದಿದರು. ಅಣ್ಣಾದುರೈ ಪದದ ಹಿಂದೆ ಯಾರೂ ಇಲ್ಲದ ದಿನವನ್ನು ನೆನೆದು ಓದಿದರು. ಮಾತು ಕೊಟ್ಟ ಮನುಷ್ಯ ಹೋದ ಮೇಲೂ ಕಾನೂನು ಉಳಿಯುತ್ತದೆ; ಆಗ ಓದುವವರ ಕೈಗೆ ಸಿಗುವುದು ಪದ ಮಾತ್ರ. 1964ರ ಮೇ 27ರಂದು ನೆಹರೂ ತೀರಿಕೊಂಡರು. ಎಂಟು ತಿಂಗಳಲ್ಲಿ ಗಡುವಿನ ದಿನ ಬಂದೇ ಬಂತು.

1965ರ ಜನವರಿ ಮತ್ತು ಫೆಬ್ರವರಿಯಲ್ಲಿ ಮದರಾಸು ರಾಜ್ಯ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವರು ತಮ್ಮ ಮೈಗೆ ತಾವೇ ಬೆಂಕಿ ಹಚ್ಚಿಕೊಂಡರು. ಗೋಲಿಬಾರಿನಲ್ಲಿ ಹಲವರು ಸತ್ತರು. ಕೇಂದ್ರ ಸಚಿವರಾದ ಸಿ. ಸುಬ್ರಮಣ್ಯಂ ಮತ್ತು ಒ.ವಿ. ಅಳಗೇಶನ್ ರಾಜೀನಾಮೆ ನೀಡಿದರು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಫೆಬ್ರವರಿ 11ರಂದು ಆಕಾಶವಾಣಿಯಲ್ಲಿ ಮಾತನಾಡಿ ನೆಹರೂ ಅವರ ಭರವಸೆಯನ್ನು ಪಾಲಿಸುವುದಾಗಿ ಹೇಳಬೇಕಾಯಿತು. ಇಷ್ಟಕ್ಕೂ ಒಂದು ಪದವೇ ಕಾರಣ ಎಂದರೆ ತಪ್ಪಾಗುತ್ತದೆ. ಉದ್ಯೋಗ, ಪರೀಕ್ಷೆ, ಸ್ವಾಭಿಮಾನ ಎಲ್ಲವೂ ಆ ಚಳವಳಿಯಲ್ಲಿದ್ದವು. ಆದರೆ ಆ ಎಲ್ಲ ಭಯಗಳಿಗೂ ಕಾನೂನಿನ ಪುಟದಲ್ಲಿ ಬೆರಳಿಟ್ಟು ತೋರಿಸಬಹುದಾದ ಜಾಗ ಆ 'ಮೇ' ಆಗಿತ್ತು.

1967ರ ಚುನಾವಣೆಯಲ್ಲಿ ಅಣ್ಣಾದುರೈ ಅವರ ಪಕ್ಷ ಮದರಾಸಿನಲ್ಲಿ ಅಧಿಕಾರಕ್ಕೆ ಬಂತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 1968ರ ಜನವರಿಯಲ್ಲಿ ಅದು ಕಾನೂನಾಯಿತು. ಹಳೆಯ 'ಮೇ' ತನ್ನ ಜಾಗದಲ್ಲೇ ಉಳಿಯಿತು, ಆದರೆ ಅದರ ಬೆನ್ನಿಗೆ 'ಶಲ್' ಬಂತು. ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ರಾಜ್ಯದೊಡನೆ ಕೇಂದ್ರವು ಇಂಗ್ಲಿಷಿನಲ್ಲೇ ವ್ಯವಹರಿಸತಕ್ಕದ್ದು ಎಂದು ಬರೆದರು. ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಬೇಡವೆಂದು ನಿರ್ಣಯ ಮಾಡಿ, ಬಳಿಕ ಸಂಸತ್ತಿನ ಎರಡೂ ಸದನಗಳು ನಿರ್ಣಯಿಸುವವರೆಗೆ ಈ ವ್ಯವಸ್ಥೆ ನಿಲ್ಲುವುದಿಲ್ಲ ಎಂದೂ ಸೇರಿಸಿದರು. ಅಂಥ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದರೆ ಆ ಬಾಗಿಲಿನ ಒಂದು ಕೀಲಿ ಬೆಂಗಳೂರಿನ ವಿಧಾನಸೌಧದಲ್ಲೂ ಇದೆ.

ಹಾಗೆಂದು ಕಾನೂನಿನಲ್ಲಿ 'ಮೇ' ಯಾವಾಗಲೂ ದುರ್ಬಲ ಎಂದು ತಿಳಿಯಬೇಕಿಲ್ಲ. 1880ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಎದುರು ಆಕ್ಸ್‌ಫರ್ಡಿನ ಬಿಷಪ್ಪರ ಮೇಲೆ ಒಂದು ಮೊಕದ್ದಮೆ ಬಂದಿತ್ತು. ಪಾದ್ರಿಯೊಬ್ಬರ ವಿರುದ್ಧ ಬಂದ ದೂರನ್ನು ವಿಚಾರಣೆಗೆ ಒಪ್ಪಿಸುವುದು ಬಿಷಪ್ಪರ ಇಚ್ಛೆಯೋ ಕರ್ತವ್ಯವೋ ಎಂಬುದು ಪ್ರಶ್ನೆ. ಆ ಪ್ರಕರಣದಲ್ಲಿ ಅದು ಅವರ ವಿವೇಚನೆಗೆ ಸೇರಿದ್ದು ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಆದರೆ ಅದರ ಜೊತೆಗೆ ಒಂದು ಸೂತ್ರವನ್ನೂ ಹೇಳಿದರು. ಕಾನೂನಿನ ಪದ ಅಧಿಕಾರವನ್ನು ಕೊಡುವುದಷ್ಟೇ ಆಗಿದ್ದರೂ, ಆ ಅಧಿಕಾರವನ್ನು ಕೊಟ್ಟಿರುವುದು ಇನ್ನೊಬ್ಬರ ಹಕ್ಕನ್ನು ಕಾಯಲೆಂದೇ ಆಗಿದ್ದರೆ ಅದರ ಜೊತೆ ಕರ್ತವ್ಯವೂ ಅಂಟಿಕೊಂಡಿರುತ್ತದೆ. ಕೊಡಬಹುದಾದ್ದನ್ನು ಕೊಡಲೇಬೇಕಾದ ಸಂದರ್ಭಗಳಿವೆ ಎಂದು ಭಾರತದ ನ್ಯಾಯಾಲಯಗಳೂ ಈ ಸೂತ್ರವನ್ನು ಹಿಡಿದು ಹೇಳುತ್ತ ಬಂದಿವೆ.

'ಮೇ' ಎಂದರೆ ಮನಸ್ಸಿಗೆ ಬಂದಂತೆ ಎಂಬ ಅರ್ಥವೂ ಅಲ್ಲ. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಯುತ್ತಿಲ್ಲ ಎಂದು ಮನವರಿಕೆಯಾದರೆ ರಾಷ್ಟ್ರಪತಿ ಆಡಳಿತವನ್ನು ಕೈಗೆತ್ತಿಕೊಳ್ಳಬಹುದು ಎನ್ನುತ್ತದೆ 356ನೆಯ ವಿಧಿ. ಅಲ್ಲಿರುವುದೂ 'ಮೇ' ಪದವೇ. 1989ರ ಏಪ್ರಿಲ್ 21ರಂದು ಈ ವಿಧಿಯಡಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಆಯಿತು. ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವೇ ಸಿಗಲಿಲ್ಲ. ಬೊಮ್ಮಾಯಿ ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಈ ಅಧಿಕಾರ ನಿರಂಕುಶವಲ್ಲ, ಷರತ್ತಿಗೆ ಒಳಪಟ್ಟದ್ದು, ಅದನ್ನು ನ್ಯಾಯಾಲಯ ಪರಿಶೀಲಿಸಬಹುದು, ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲೇ ನೋಡಬೇಕು ಎಂದಿತು. ಬೊಮ್ಮಾಯಿ ಅವರಿಗೆ ಕಳೆದುಹೋದ ಕುರ್ಚಿ ಮರಳಲಿಲ್ಲ. ಆದರೆ ಒಂದು 'ಮೇ' ಎಷ್ಟು ದೂರ ಹೋಗಬಹುದು ಎಂಬುದಕ್ಕೆ ದೇಶಕ್ಕೆ ಗೆರೆ ಸಿಕ್ಕಿತು.

ಕನ್ನಡಕ್ಕೆ ಆಡಳಿತದ ಪಟ್ಟ ಸಿಕ್ಕಿದ್ದೂ ಇನ್ನೊಂದು 'ಮೇ'ಯಿಂದ. ರಾಜ್ಯದ ಶಾಸನಸಭೆ ತನ್ನ ರಾಜ್ಯದ ಭಾಷೆಯನ್ನು ಕಾನೂನಿನ ಮೂಲಕ ಆಡಳಿತ ಭಾಷೆಯಾಗಿ ಮಾಡಿಕೊಳ್ಳಬಹುದು ಎನ್ನುತ್ತದೆ ಸಂವಿಧಾನದ 345ನೆಯ ವಿಧಿ. ಯಾರೂ ಬಲವಂತ ಮಾಡಿರಲಿಲ್ಲ. ಅಂದಿನ ಮೈಸೂರು ರಾಜ್ಯ ಆ ಅವಕಾಶವನ್ನು ಕೈಗೆತ್ತಿಕೊಂಡು ಕಾಯ್ದೆ ಮಾಡಿತು. ಅದೂ 1963ರಲ್ಲೇ. ಸಂವಿಧಾನದ 'ಬಹುದು' ರಾಜ್ಯದ ಕಾಯ್ದೆಯಲ್ಲಿ 'ತಕ್ಕದ್ದು' ಆಯಿತು. 'ಮೇ' ತೆರೆದ ಬಾಗಿಲು ಮಾತ್ರ. ಒಳಗೆ ಕಾಲಿಡುವ ಕೆಲಸ ಬಾಗಿಲಲ್ಲಿ ನಿಂತವರದು.

ಕೊನೆಗೆ ಮತ್ತೆ ಆ ಶಾಲೆಯ ಹೊಸ್ತಿಲಿಗೆ ಹೋಗೋಣ. ಹುಡುಗ ಇನ್ನೂ ಅಲ್ಲೇ ನಿಂತಿದ್ದಾನೆ. 'ಮೇ ಐ ಕಮಿನ್ ಸಾರ್?' ಎಂದು ಕೇಳಿ ಮೇಷ್ಟ್ರ ಮುಖ ನೋಡುತ್ತಿದ್ದಾನೆ. ಅವನಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 2002ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಸರ್ಕಾರ ಉಚಿತ ಮತ್ತು ಕಡ್ಡಾಯ ಶಿಕ್ಷಣ ನೀಡತಕ್ಕದ್ದು ಎನ್ನುತ್ತದೆ. ಅಲ್ಲಿರುವುದು 'ಶಲ್'. ಯಾವ ರೀತಿಯಲ್ಲಿ ನೀಡಬೇಕು ಎಂಬುದನ್ನು ಸರ್ಕಾರ ಕಾನೂನಿನಿಂದ ನಿರ್ಧರಿಸಬಹುದು. ಅಲ್ಲಿ ಮಾತ್ರ 'ಮೇ'.

ತಡವಾಗಿ ಬಂದವನು ಗುರುಗಳ ಅಪ್ಪಣೆ ಕೇಳುವುದು ಮರ್ಯಾದೆ. ಅದನ್ನು ಬಿಡಬೇಕಾಗಿಲ್ಲ. ಆದರೆ ಆ ತರಗತಿಯಲ್ಲಿ ಅವನಿಗೆ ಒಂದು ಜಾಗ ಇರುವುದು ಯಾರ ಅಪ್ಪಣೆಯಿಂದಲೂ ಅಲ್ಲ. ಬದುಕಿನಲ್ಲಿ ಎಲ್ಲಿ 'ಮೇ' ಎಂದು ಕೇಳಬೇಕು, ಎಲ್ಲಿ 'ಶಲ್' ಎಂದು ಪುಟ ತೆರೆದು ತೋರಿಸಬೇಕು ಎಂಬುದನ್ನು ಆ ಹುಡುಗನಿಗೆ ಕಲಿಸಿದರೆ, ಮೇಷ್ಟ್ರು ಅಂದಿನ ವ್ಯಾಕರಣ ಪಾಠವನ್ನು ಪೂರ್ತಿಯಾಗಿ ಮಾಡಿದಂತೆ.